ರಸ್ತೆ ಬದಿ ಕೊಟ್ಟಿಗೆಯ ದನ ಬಡಕಲಾಗಿದೆ: ದೂರು ಕೊಡಬೇಕೋ, ಮೊದಲು ಮಾತಾಡಬೇಕೋ?

ಹೊಳೆಬದಿ:

ತೀರ್ಥಹಳ್ಳಿ ಕಡೆಯ ಒಂದು ಒಂಟಿಮನೆಯ ವಿಷಯ. ಕೊಟ್ಟಿಗೆ ರಸ್ತೆಗೆ ತಾಗಿಕೊಂಡೇ ಇರುವುದರಿಂದ ಹೋಗಿಬರುವವರಿಗೆಲ್ಲ ಒಳಗಿನದು ಕಾಣುತ್ತದೆ. ಒಂದು ಜರ್ಸಿ ಕ್ರಾಸ್ ಹಸು, ಒಂದೂವರೆ ವರ್ಷದ ಒಂದು ಕಡಸು. ಹಸುವಿನ ಪಕ್ಕೆಲುಬು ಎಣಿಸಬಹುದು, ಸೊಂಟದ ಎರಡೂ ಮೂಳೆ ಗೂಟದ ಹಾಗೆ ಎದ್ದಿವೆ, ದವಡೆ ಕೆಳಗೆ ಚೀಲದಂಥದ್ದು ಏನೋ ಜೋತಾಡುತ್ತದೆ. ಕಡಸಿನ ಕೊರಳಲ್ಲಿ ನೀಲಿ ಪ್ಲಾಸ್ಟಿಕ್ ಹಗ್ಗ. ಒಂದು ಬದಿಯಲ್ಲಿ ಹಗ್ಗ ಕಾಣುವುದೇ ಇಲ್ಲ, ಚರ್ಮದೊಳಗೆ ಇಳಿದುಹೋದಂತಿದೆ, ಅಲ್ಲಿ ಸದಾ ನೊಣ. ಹತ್ತು ದಿನದಿಂದ ಎರಡನ್ನೂ ಹೊರಗೆ ಬಿಟ್ಟಿದ್ದು ಕಂಡಿಲ್ಲ. ನೆಲವೆಲ್ಲ ರಾಡಿ.

ಮನೆಯಲ್ಲಿ ಎಪ್ಪತ್ತು ದಾಟಿದ ಯಜಮಾನರೊಬ್ಬರೇ. ಕೆಟ್ಟವರಲ್ಲ, ಆದರೆ ಮಾತು ಕೇಳುವವರೂ ಅಲ್ಲ. ಊರಲ್ಲಿ "ಅವರ ದನ, ಅವರ ಕೊಟ್ಟಿಗೆ, ನಮಗ್ಯಾಕೆ" ಅನ್ನುವವರೇ ಹೆಚ್ಚು. ಇದು ದೂರು ಕೊಡುವಷ್ಟು ದೊಡ್ಡ ವಿಷಯವಾ? ಕೊಟ್ಟರೆ ಯಾರಿಗೆ? ದನ ಹಿಡಿದುಕೊಂಡು ಹೋಗಿಬಿಡುತ್ತಾರಾ?

ಗೋದಲಿ:

ನೀವು ಬರೆದದ್ದರಲ್ಲಿ ಮೂರು ಬೇರೆಬೇರೆ ವಿಷಯ ಕಲಸಿಹೋಗಿವೆ. ಬಿಡಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಹಸು. ದವಡೆ ಕೆಳಗಿನ ಆ ಚೀಲ ನೋಡಿ ಯಜಮಾನರು ಮೇವು ಹಾಕುತ್ತಿಲ್ಲ ಅಂತ ತೀರ್ಮಾನಿಸಬೇಡಿ. ಮಲೆನಾಡಿನಲ್ಲಿ ಅದನ್ನು ಕಂಡರೆ ಮೊದಲು ನೆನಪಾಗಬೇಕಾದದ್ದು ಲಿವರ್ ಫ್ಲೂಕ್, ಅಂದರೆ ಪಿತ್ತಜನಕಾಂಗಕ್ಕೆ ಹತ್ತುವ ಚಪ್ಪಟೆ ಹುಳು. ಗದ್ದೆ ಅಂಚು, ಹಳ್ಳದ ಬದಿ, ನೀರು ನಿಂತ ಜೌಗಿನ ಬಸವನಹುಳುವಿನಿಂದ ಹೊರಬಿದ್ದ ಮರಿಹುಳು ಹುಲ್ಲಿಗೆ ಅಂಟಿಕೊಂಡು ದನದ ಹೊಟ್ಟೆ ಸೇರುತ್ತದೆ, ಕೊನೆಗೆ ಪಿತ್ತನಾಳದಲ್ಲಿ ಮನೆ ಮಾಡುತ್ತದೆ. ರಕ್ತದ ಪ್ರೋಟೀನ್ ಕುಸಿದಾಗ ದವಡೆ ಕೆಳಗೆ ನೀರು ಇಳಿಯುತ್ತದೆ. ಒತ್ತಿದರೆ ಬೆರಳಿನ ಗುಳಿ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಇಂಥ ದನಕ್ಕೆ ಎಷ್ಟು ಹಿಂಡಿ, ಬೂಸಾ ಹಾಕಿದರೂ ಮೈ ಹತ್ತುವುದಿಲ್ಲ. ಬಹಳ ಮನೆಗಳಲ್ಲಿ ಆಗುವ ತಪ್ಪು ಏನೆಂದರೆ, ಜಂತಿನ ಔಷಧಿ ಅಂತ ಐವರ್‌ಮೆಕ್ಟಿನ್ ಅಥವಾ ಫೆನ್‌ಬೆಂಡಜೋಲ್ ಹಾಕಿ ಸುಮ್ಮನಾಗುವುದು. ಅವು ಫ್ಲೂಕಿಗೆ ತಾಗುವುದಿಲ್ಲ. ಆಕ್ಸಿಕ್ಲೋಜನೈಡ್ ತರಹದ್ದು ಬೇಕು, ಅದೂ ಬೆಳೆದ ಹುಳುವಿಗೆ ಮಾತ್ರ ಕೆಲಸ ಮಾಡುವುದರಿಂದ ಡಾಕ್ಟರು ಕೆಲವು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕಾಗಬಹುದು. ಪಶು ಆಸ್ಪತ್ರೆಗೆ ಒಂದು ಮುಷ್ಟಿ ತಾಜಾ ಸಗಣಿ ಡಬ್ಬಿಯಲ್ಲಿ ತಲುಪಿಸಿದರೆ ಪರೀಕ್ಷೆ ಆಗುತ್ತದೆ.

ಹೊಟ್ಟೆಗೆ ಹಾಕುತ್ತಿದ್ದಾರೋ ಇಲ್ಲವೋ ಅಂತ ರಸ್ತೆಯಿಂದಲೇ ತಿಳಿಯಬಹುದು. ದನದ ಎಡಗಡೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಒಂದು ತ್ರಿಕೋನದ ಗುಳಿ ಇರುತ್ತದೆ. ತಿಂದ ದನದಲ್ಲಿ ಅದು ಸಂಜೆ ಹೊತ್ತಿಗೆ ತುಂಬಿಕೊಂಡಿರಬೇಕು. ಸಂಜೆ ಆರಕ್ಕೂ ಅಂಗೈ ಮುಳುಗುವಷ್ಟು ಗುಳಿ ಇದ್ದರೆ ಆ ದಿನ ಸರಿಯಾಗಿ ತಿಂದಿಲ್ಲ ಎಂದೇ ಲೆಕ್ಕ. ಮೂರು ಸಂಜೆ ನೋಡಿ. ಗುಳಿ ತುಂಬಿದೆ ಆದರೂ ಬೆನ್ನು ಬಡಕಲು ಅಂದರೆ ಒಂದೋ ರೋಗ, ಇಲ್ಲಾ ಬರೀ ಬತ್ತದ ಹುಲ್ಲು. ಹುಲ್ಲಿನಲ್ಲಿ ಹೊಟ್ಟೆ ತುಂಬುತ್ತದೆ, ಸತ್ವ ಇಲ್ಲ.

ರಾಡಿಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಇರಲಿ. ನಮ್ಮಲ್ಲಿ ಸೊಪ್ಪಿನ ಕೊಟ್ಟಿಗೆ ವಾಡಿಕೆ. ಸೊಪ್ಪು, ದರಗು ಹಾಸಿ ಅದರ ಮೇಲೆ ದನ ನಿಲ್ಲಿಸಿ ಗೊಬ್ಬರ ಮಾಡುವುದು. ಆಷಾಢದ ಮಳೆಯಲ್ಲಿ ಯಾರ ಕೊಟ್ಟಿಗೆಯೂ ಪೂರ್ತಿ ಒಣಗಿರುವುದಿಲ್ಲ. ನೋಡಬೇಕಾದ್ದು ನೆಲವನ್ನಲ್ಲ, ದನದ ಮೈಯನ್ನು. ತೊಡೆ, ಕೆಚ್ಚಲು, ಹೊಟ್ಟೆಯ ಕೆಳಗೆ ಸಗಣಿ ಒಣಗಿ ಹೆಂಚಿನ ಚೂರಿನ ಹಾಗೆ ಪದರಪದರವಾಗಿ ಅಂಟಿಕೊಂಡಿದ್ದರೆ ಅದಕ್ಕೆ ಮಲಗಲು ಒಣ ಜಾಗವೇ ಇಲ್ಲ ಎಂದರ್ಥ. ಮಲಗುವುದನ್ನೇ ಬಿಟ್ಟು ನಿಂತೇ ಇದ್ದರೆ ಇನ್ನೂ ಕೆಟ್ಟದ್ದು.

ಕಡಸು ಮಾತ್ರ ಬೇರೆ ಲೆಕ್ಕ. ಅದು ಇವತ್ತಿನ ಕೆಲಸ.

ಅಂದಹಾಗೆ, ಹೊಸಬರು ಮಲೆನಾಡ ಗಿಡ್ಡ ನೋಡಿ "ಅಯ್ಯೋ ದನ ಬಡಕಲಾಗಿದೆ" ಅನ್ನುವುದುಂಟು. ಆ ತಳಿಯ ಬೆಳೆದ ಹಸುವೇ ಸುಮಾರು ನೂರು ಕೆಜಿ ತೂಗುತ್ತದೆ, ಅದರ ಗಾತ್ರವೇ ಅಷ್ಟು. ಇಲ್ಲಿರುವುದು ಜರ್ಸಿ ಕ್ರಾಸ್, ಹಾಗಾಗಿ ಆ ರಿಯಾಯಿತಿ ಇಲ್ಲ.

ಅರ್ಜಿ ನಂಬರ್:

ಕಾನೂನಿನ ಭಾಗ ನಾನು ಹೇಳುತ್ತೇನೆ, ನಿರೀಕ್ಷೆ ಎಷ್ಟಿಟ್ಟುಕೊಳ್ಳಬೇಕು ಅಂತ ಗೊತ್ತಾಗಲಿ.

ಅನ್ವಯಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್. ತೀರಾ ಗಿಡ್ಡ ಹಗ್ಗದಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು, ಒಡೆಯನಾಗಿದ್ದೂ ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದು, ಎರಡೂ ಅದರಲ್ಲಿ ಬರುತ್ತವೆ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಶಕಗಳ ಹಿಂದೆ ಬರೆದ ಮೊತ್ತ, ಇವತ್ತಿಗೂ ಅದೇ. ಮೇಲಾಗಿ ಈ ಬಗೆಯ ಪ್ರಕರಣ ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯಲಾರರು. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಶಿಕ್ಷೆ ಇದೆ ಅಂತ ಕೆಲವರು ಹೇಳುತ್ತಾರೆ. ಅದು ಬೇಕೆಂದೇ ಪ್ರಾಣಿಯನ್ನು ಕೊಂದ, ವಿಷ ಹಾಕಿದ, ಊನ ಮಾಡಿದ ಪ್ರಕರಣಕ್ಕೆ. ಕೈಲಾಗದ ಮುದುಕರ ಕೊಟ್ಟಿಗೆಗೆ ಅದನ್ನು ಎಳೆತರಬೇಡಿ.

ಹಾಗಾದರೆ ದೂರು ಯಾಕೆ? ಡಾಕ್ಟರನ್ನು ಆ ಕೊಟ್ಟಿಗೆಯೊಳಗೆ ತರಲಿಕ್ಕೆ. ತಾಲ್ಲೂಕಿನ ಪಶುಪಾಲನಾ ಇಲಾಖೆಯ ಸಹಾಯಕ ನಿರ್ದೇಶಕರ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ, ಪ್ರತಿಯನ್ನು ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಕಳಿಸಿ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. "ಅಮಾನುಷ", "ಚಿತ್ರಹಿಂಸೆ" ಎಂಬ ಪದ ಬೇಡ. ಇಂಥ ತಾರೀಕು, ಇಷ್ಟು ಗಂಟೆಗೆ, ರಸ್ತೆಯಿಂದ ಇದು ಕಂಡಿತು, ಅಷ್ಟೇ. ಫೋಟೊ ತೆಗೆದರೆ ಒಂದು ಪೂರ್ತಿ ದನದ್ದು ಪಕ್ಕದಿಂದ, ಒಂದು ಹಿಂದಿನಿಂದ, ಒಂದು ಗಾಯದ್ದು. ವಾಟ್ಸಾಪ್ ಗುಂಪಿಗೆ ಹಾಕಿದಿರೋ, ಯಜಮಾನರು ಬಾಗಿಲು ಹಾಕಿಕೊಂಡರೆಂದೇ ತಿಳಿಯಿರಿ. ಅರ್ಜಿ ಕೊಟ್ಟಮೇಲೆ ಸ್ವೀಕೃತಿಯ ಸೀಲು, ಟಪಾಲು ನಂಬರ್ ಬರೆಸಿಕೊಳ್ಳದೆ ಹೊರಗೆ ಬರಬೇಡಿ. ಈ ಕಾಯ್ದೆಯಲ್ಲಿ ತಪ್ಪು ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು, ಆಮೇಲೆ ಅವಕಾಶ ಇಲ್ಲ. ತಾರೀಕು ಮುಖ್ಯ ಅಂದಿದ್ದು ಅದಕ್ಕೇ.

ಹೆಸರಿನ ವಿಷಯ: ಹೆಸರಿಲ್ಲದ ಅರ್ಜಿಗೆ ತೂಕ ಕಡಿಮೆ. ಹೆಸರು ಬರೆದು, ಗೋಪ್ಯವಾಗಿಡಿ ಎಂದು ಕೊನೆಗೊಂದು ಸಾಲು ಸೇರಿಸಿ. ಆದರೆ ಮೂರು ಮನೆಯ ಊರಲ್ಲಿ ಗೋಪ್ಯ ಎಷ್ಟು ದಿನ ನಿಲ್ಲುತ್ತದೆ ಅಂತ ನಿಮಗೇ ಗೊತ್ತು.

ದನ ಹಿಡಿದುಕೊಂಡು ಹೋಗುವುದು: ತಪಾಸಣೆಗೆಂದು ವಶಕ್ಕೆ ಪಡೆಯುವ ಅಧಿಕಾರ ಪೊಲೀಸರಿಗಿದೆ, ಒಡೆತನ ಕಳೆಯುವುದು ಮಾತ್ರ ಕೋರ್ಟಿನ ಕೈಯಲ್ಲಿ. ನೀವೇ ಹಗ್ಗ ಬಿಚ್ಚಿ ದನ ಹೊಡೆದುಕೊಂಡು ಬಂದರೆ ಅದು ಕಳ್ಳತನ, ಮನಸ್ಸು ಎಷ್ಟೇ ಒಳ್ಳೆಯದಿರಲಿ.

ಕರಡದ ಬೆಟ್ಟ:

ಅಲ್ಲಾ ಮಾರಾಯ್ರೇ, ಅರ್ಜಿಗಿಂತ ಮೊದಲು ಒಂದು ಫೋನು ಇದೆಯಲ್ಲ. 1962 ಪಶು ಆಂಬ್ಯುಲೆನ್ಸ್‌ನ ಉಚಿತ ನಂಬರ್. ಯಾರು ಬೇಕಾದರೂ ಮಾಡಬಹುದು, ಆದರೆ ಒಡೆಯರು ಸ್ಥಳದಲ್ಲಿದ್ದು ಒಪ್ಪಿದರೇ ಚಿಕಿತ್ಸೆ ಸಲೀಸು. ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಲೊಕೇಶನ್ ಕಳಿಸಿ ಉಪಯೋಗ ಇಲ್ಲ. ಬಸ್ ಸ್ಟಾಪು, ಸಂಕ, ಶಾಲೆ ಹೀಗೆ ಗುರುತು ಹೇಳಿ, ರಸ್ತೆಗೆ ಒಬ್ಬರು ಬಂದು ನಿಲ್ಲಿ.

ಯಜಮಾನರ ಹತ್ತಿರ ಮಾತಾಡುವಾಗ ಹಸುವಿನ ಬಡಕಲನ್ನು ಎತ್ತಲೇಬೇಡಿ. ಅದು ಬೈಗುಳದ ಹಾಗೆ ಕೇಳಿಸುತ್ತದೆ. ಕಡಸಿನಿಂದ ಶುರುಮಾಡಿ: "ಗೌಡ್ರೇ, ಕಡಸಿನ ಹಗ್ಗ ಬಿಗಿಯಾದಂಗಿದೆ, ಡಾಕ್ಟ್ರನ್ನ ಕರೆಸ್ಲಾ? ಹಿಡ್ಕಳಕ್ಕೆ ನಾನಿರ್ತೀನಿ." ಕೊನೆಯ ಮಾತೇ ಮುಖ್ಯ. ಒಬ್ಬರೇ ಇರುವ ಮನೆಯಲ್ಲಿ ದನ ಹಿಡಿಯಲು ಜನ ಇಲ್ಲದ್ದಕ್ಕೇ ಡಾಕ್ಟರನ್ನು ಕರೆಸುವುದು ಮುಂದೆ ಹೋಗುತ್ತಿರುತ್ತದೆ. ಹೊರಗೆ ಬಿಡದಿರುವುದಕ್ಕೂ ಅದೇ ಕಾರಣ ಇರಬಹುದು, ಬಿಟ್ಟರೆ ಸಂಜೆ ಹುಡುಕಿ ತರುವವರು ಯಾರು?

ಡೇರಿಗೆ ಹಾಲು ಹಾಕುವ ಮನೆಯಾದರೆ ಡೇರಿ ಕಾರ್ಯದರ್ಶಿಗೆ ಒಂದು ಮಾತು ಹಾಕಿ. ಹಾಲು ಯಾವಾಗಿನಿಂದ ಇಳಿಯಿತು ಅಂತ ಅವರ ಪುಸ್ತಕದಲ್ಲಿರುತ್ತದೆ. ಡಾಕ್ಟರಿಗೆ ಅದು ಉಪಯೋಗದ ಮಾಹಿತಿ. ಯಜಮಾನರೂ ಡೇರಿಯವರ ಮಾತಿಗೆ ಬೆಲೆ ಕೊಡುತ್ತಾರೆ.

ರಾಡಿಗೆ ಪರಿಹಾರ ಸುಲಭ. ಗಂಜಲದ ಕಾಲುವೆ ಕಟ್ಟಿಕೊಂಡಿರುತ್ತದೆ, ಬಿಡಿಸಬೇಕು. ಮಲಗುವಷ್ಟು ಜಾಗದಲ್ಲಿ ಹಳೇ ಗೊಬ್ಬರ ಎತ್ತಿ ಒಣಗಿದ ಅಡಕೆ ಸಿಪ್ಪೆ ಅರ್ಧ ಅಡಿ ಹಾಸಿದರೆ ಆ ಮಟ್ಟಿಗೆ ಸಾಕು. ಗೊರಸಿನ ನಡುವೆ ಕೊಳೆತ ವಾಸನೆ ಇದ್ದರೆ ತೋಟಕ್ಕೆ ತಂದ ಮೈಲುತುತ್ತ ಮನೆಯಲ್ಲೇ ಇರುತ್ತದೆ: ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ, ಪ್ಲಾಸ್ಟಿಕ್ ಬುಟ್ಟಿಯಲ್ಲಿ, ಕಬ್ಬಿಣದ್ದರಲ್ಲಿ ಬೇಡ. ಮೊದಲು ಕಾಲು ತೊಳೆದು ಆಮೇಲೆ ಅದ್ದಿಸಿ, ಸಗಣಿ ಬೆರೆತರೆ ಅದರ ಕಸುವು ಹೋಗುತ್ತದೆ. ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ, ಮೀನು ಸಾಯುತ್ತದೆ.

ಅರ್ಜಿ ನಂಬರ್:

ಕರಡದ ಬೆಟ್ಟದವರ ಮಾತಿಗೆ ಒಪ್ಪಿಗೆ, ಒಂದು ತಿದ್ದುಪಡಿಯೊಂದಿಗೆ. ಮಾತಾಡಿ ನೋಡೋಣ ಅಂತ ವಾರಗಟ್ಟಲೆ ಕಾಯುವುದು ಹಸುವಿನ ವಿಷಯದಲ್ಲಿ ನಡೆಯುತ್ತದೆ, ಕಡಸಿನದರಲ್ಲಿ ನಡೆಯುವುದಿಲ್ಲ. ಇವತ್ತು ಮಾತಾಡಿ. ನಾಳೆ ಸಂಜೆಯೊಳಗೆ ಡಾಕ್ಟರು ಬಂದು ನೋಡಿರದಿದ್ದರೆ ನಾಡಿದ್ದು ಬೆಳಿಗ್ಗೆ ಅರ್ಜಿ. ಯಜಮಾನರು ಬೈದರೂ ಅದೇ, ನಕ್ಕು ಕಾಫಿ ಕೊಟ್ಟು ಕಳಿಸಿದರೂ ಅದೇ.

ಹೊಳೆಬದಿ:

ಮಾತಾಡಿದ್ದಾಯಿತು. ಬೈಯಲಿಲ್ಲ. "ಹಗ್ಗ ಕತ್ತರಿಸಿ ಎಳೆದರೆ ಬರ್ತದೆ, ಹುಳಕ್ಕೆ ಫಿನಾಯಿಲ್ ಹಾಕಿದ್ರೆ ಆಯ್ತು, ಡಾಕ್ಟ್ರು ಯಾಕೆ" ಅಂದರು. ನಾವೇ ತೆಗೆಯಬಹುದಾ?

ಗೋದಲಿ:

ಬೇಡ. ಆ ಹಗ್ಗದ ಮೇಲೆ ಮಾಂಸ ಬೆಳೆದಿರುತ್ತದೆ, ಕೊರಳಿನ ದೊಡ್ಡ ರಕ್ತನಾಳ ಅಲ್ಲೇ ಪಕ್ಕದಲ್ಲಿ ಹೋಗುತ್ತದೆ. ಎಳೆದರೆ ಹಗ್ಗದ ಜೊತೆ ಏನು ಬರುತ್ತದೆ ಹೇಳಲಾಗದು. ಡಾಕ್ಟರು ಮಂಪರಿನ ಚುಚ್ಚುಮದ್ದು ಕೊಟ್ಟು, ಜಾಗ ಮರಗಟ್ಟಿಸಿ, ಸ್ವಲ್ಪಸ್ವಲ್ಪವೇ ಬಿಡಿಸುತ್ತಾರೆ. ನೀವು ಒದಗಿಸಬೇಕಾದ್ದು ಹಿಡಿಯಲು ಇಬ್ಬರು, ಮಳೆ ಬೀಳದ ಒಣ ಜಾಗ, ಒಳ್ಳೆ ಬೆಳಕು, ಕುದಿಸಿ ಆರಿಸಿದ ಒಂದು ಬಕೆಟ್ ನೀರು.

ಫಿನಾಯಿಲ್, ಸೀಮೆಎಣ್ಣೆ, ತೋಟದ ಕೀಟನಾಶಕದ ಪುಡಿ ಯಾವುದೂ ಗಾಯಕ್ಕೆ ಬೇಡ. ಹುಳ ಸಾಯಬಹುದು, ಜೊತೆಗೆ ಜೀವವಿರುವ ಮಾಂಸವೂ ಸುಡುತ್ತದೆ. ಕೀಟನಾಶಕವಂತೂ ಹಸಿಗಾಯದಿಂದ ನೇರ ರಕ್ತಕ್ಕೆ. ಟರ್ಪೆಂಟೈನ್ ಹತ್ತಿಯಲ್ಲಿ ಇಟ್ಟು ಹುಳ ಹೊರಬಂದಮೇಲೆ ಚಿಮಟದಿಂದ ತೆಗೆಯುವುದು ರೂಢಿ, ಇಷ್ಟು ಆಳದ ಗಾಯಕ್ಕೆ ಅದನ್ನೂ ಡಾಕ್ಟರೇ ಮಾಡಲಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ನೀವಾಗಿಯೇ ಕೇಳಿ.

ಗಾಯ ಮಾಗುವವರೆಗೆ ಕೊರಳಿಗೆ ಏನೂ ಕಟ್ಟಬಾರದು, ತಲೆಗೆ ಮೂತಿಹಗ್ಗ ಹಾಕಿ. ಹಳೇ ನಾರಿನ ಹಗ್ಗ ಕೆಲವು ತಿಂಗಳಿಗೆ ಲಡ್ಡಾಗಿ ಹರಿಯುತ್ತಿತ್ತು, ಹೊಸದು ಕಟ್ಟುವಾಗ ಸಡಿಲ ಮಾಡುತ್ತಿದ್ದರು. ಪ್ಲಾಸ್ಟಿಕ್ ಹಗ್ಗ ಹರಿಯುವುದೇ ಇಲ್ಲ, ಕರುವಿಗೆ ಕಟ್ಟಿದ್ದು ಕಡಸಾದರೂ ಹಾಗೇ ಇರುತ್ತದೆ. ಮತ್ತೆ ಕೊರಳಿಗೆ ಕಟ್ಟುವ ದಿನ ಬಂದಾಗ ಅಗಲ ಪಟ್ಟಿ ಇರಲಿ, ಜಾರುಗಂಟು ಬೇಡ, ನಾಲ್ಕು ಬೆರಳು ಒಳಗೆ ಸಲೀಸಾಗಿ ಹೋಗಬೇಕು. ಬೆಳೆಯುವ ಕರು, ಆದ್ದರಿಂದ ಪ್ರತಿ ಅಮಾವಾಸ್ಯೆಗೊಮ್ಮೆ ಬೆರಳು ಹಾಕಿ ನೋಡಲು ಯಜಮಾನರಿಗೆ ಹೇಳಿ.

ಡಾಕ್ಟರು ಹೇಗೂ ಬರುತ್ತಾರಲ್ಲ, ಹಸುವಿನ ಸಗಣಿ ಡಬ್ಬಿಗೆ ಹಾಕಿ ರೆಡಿ ಇಟ್ಟಿರಿ.