ಪ್ಲಾಸ್ಟಿಕ್ ಇಲ್ಲದೆ ಹಬ್ಬದ ಉಡುಗೊರೆ ಸುತ್ತುವುದು ಹೇಗೆ? ಬಲ್ಲವರು ತಿಳಿಸಿ

ಪ್ರಶ್ನೆ: ಹಬ್ಬಕ್ಕೆ ಹತ್ತು ಹನ್ನೆರಡು ಉಡುಗೊರೆ ಪ್ಯಾಕ್ ಮಾಡಬೇಕಿದೆ. ಮಿಂಚುವ ಕಾಗದ, ಸೆಲೋಟೇಪ್, ಪ್ಲಾಸ್ಟಿಕ್ ರಿಬ್ಬನ್ ಯಾವುದೂ ಬೇಡ. ಹೆಚ್ಚಿನವು ಪೆಟ್ಟಿಗೆಗಳು, ಎರಡು ಬಾಟಲಿಗಳೂ ಇವೆ. ದಯವಿಟ್ಟು ಅಳತೆ ಸಮೇತ ಹೇಳಿ.

ಉತ್ತರ: ಪೆಟ್ಟಿಗೆಗೆ ಕಂದು ಕಾಗದ ಮತ್ತು ಹತ್ತಿ ಅಥವಾ ಸೆಣಬಿನ ದಾರ ಸಾಕು, ಟೇಪ್ ಬೇಕಾಗುವುದೇ ಇಲ್ಲ. ಉದಾಹರಣೆಗೆ ಪೆಟ್ಟಿಗೆ 30×20×8 ಸೆಂ.ಮೀ. ಇದೆ ಎನ್ನಿ. ಅಡ್ಡ ಸುತ್ತಳತೆ 56, ಅಂಚು ಮಡಚಲು 3 ಸೇರಿಸಿ 59. ಉದ್ದಕ್ಕೆ 30ರ ಜೊತೆ ಎರಡೂ ಬದಿಗೆ 6-6, ಅಂದರೆ 42. ಬದಿಗೆ ಬಿಡುವ ಕಾಗದ ಪೆಟ್ಟಿಗೆಯ ಎತ್ತರದ ಮುಕ್ಕಾಲು ಪಾಲು ಇರಲಿ. ಇದಕ್ಕಿಂತ ಹೆಚ್ಚು ಬಿಟ್ಟರೆ ಮಡಿಕೆ ದಪ್ಪವಾಗಿ ಎದ್ದು ನಿಲ್ಲುತ್ತದೆ, ಆಗಲೇ ಕೈ ಟೇಪಿನ ಕಡೆ ಹೋಗುವುದು.

ದಾರ ಸುಮಾರು 180 ಸೆಂ.ಮೀ. ಬೇಕು: ಉದ್ದದ ಎರಡರಷ್ಟು, ಅಗಲದ ಎರಡರಷ್ಟು, ಎತ್ತರದ ನಾಲ್ಕರಷ್ಟು, ಗಂಟಿಗೆ 50. ಮೊದಲು ಉದ್ದಕ್ಕೆ ಸುತ್ತಿ, ತಳದಲ್ಲಿ ಒಮ್ಮೆ ತಿರುಚಿ, ಅಡ್ಡಕ್ಕೆ ತನ್ನಿ. ಉದ್ದಕ್ಕೆ ಹೋದ ದಾರವೇ ಬದಿಯ ಮಡಿಕೆಗಳನ್ನು ಒತ್ತಿ ಹಿಡಿಯುತ್ತದೆ. ಕಾಗದ 70-80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಇದ್ದರೆ ಒಳ್ಳೆಯದು. ತೀರಾ ತೆಳುವಾದದ್ದು ಮೂಲೆಯಲ್ಲಿ ಹರಿಯುತ್ತದೆ, ತೀರಾ ದಪ್ಪದ್ದು ಮಡಚಿದಲ್ಲಿ ನಿಲ್ಲುವುದಿಲ್ಲ.

ಉತ್ತರ: ಬಾಟಲಿಗೆ ಬಟ್ಟೆಯೇ ಸರಿ. 30 ಸೆಂ.ಮೀ. ಎತ್ತರದ ಬಾಟಲಿಗೆ 70 ಸೆಂ.ಮೀ. ಚೌಕ ಬೇಕು. ಬಾಟಲಿಯನ್ನು ನಡುವೆ ನಿಲ್ಲಿಸಿ, ಎದುರುಬದುರು ಎರಡು ಮೂಲೆಗಳನ್ನು ಮುಚ್ಚಳದ ಮೇಲೆ ಗಂಟು ಹಾಕಿ. ಉಳಿದೆರಡನ್ನು ಹಿಂದೆ ಅಡ್ಡ ಹಾಯಿಸಿ ಮುಂದಕ್ಕೆ ತಂದು ಕಟ್ಟಿ.

ಗಂಟಿನ ಬಗ್ಗೆ ಒಂದು ಮಾತು. ಮೊದಲ ಸಲ ಮೇಲೆ ಹೋದ ತುದಿಯೇ ಎರಡನೇ ಸಲವೂ ಮೇಲೆ ಹೋಗಬೇಕು. ಸರಿಯಾಗಿದ್ದರೆ ತುದಿಗಳು ಗಂಟಿನ ಎರಡೂ ಪಕ್ಕಕ್ಕೆ ನೇರವಾಗಿ ಮಲಗುತ್ತವೆ. ತಪ್ಪಿದ್ದರೆ ಒಂದು ಮೇಲಕ್ಕೆ, ಒಂದು ಕೆಳಕ್ಕೆ ನಿಲ್ಲುತ್ತವೆ. ಅಂಥ ಗಂಟು ಎತ್ತಿ ಹಿಡಿದಾಗ ಜಾರುತ್ತದೆ, ಬಾಟಲಿ ಕೆಳಗೆ ಬೀಳುತ್ತದೆ. ಸ್ಯಾಟಿನ್, ಪಾಲಿಯೆಸ್ಟರ್ ಹೇಗೆ ಕಟ್ಟಿದರೂ ಸಡಿಲ. ಹತ್ತಿ ಬಟ್ಟೆ ಕಚ್ಚಿ ಹಿಡಿಯುತ್ತದೆ.

ಆದರೆ ಇದಕ್ಕೆಂದೇ ಹೊಸ ಬಟ್ಟೆ ಕೊಳ್ಳಬೇಡಿ. ಒಮ್ಮೆ ಕಟ್ಟಿ ಬಿಸಾಡುವುದಾದರೆ ಕಾಗದವೇ ಎಷ್ಟೋ ವಾಸಿ. ಮನೆಯಲ್ಲಿರುವ ದುಪಟ್ಟಾ, ಹಳೆಯ ಸೀರೆಯ ಗಟ್ಟಿ ಭಾಗ ಕತ್ತರಿಸಿ ಅಂಚು ಹೊಲಿದುಕೊಳ್ಳಿ.

ಉತ್ತರ: ಮನೆಯಲ್ಲಿರುವ ಕಾಗದ ಮರುಬಳಕೆಗೆ ಹೋಗುತ್ತದೆಯೇ ಎಂಬ ಅನುಮಾನ ಇದ್ದರೆ ಮುಷ್ಟಿಯಲ್ಲಿ ಹಿಂಡಿ ಬಿಡಿ. ಉಂಡೆಯಾಗಿಯೇ ಉಳಿದರೆ ಬಹುಮಟ್ಟಿಗೆ ಕಾಗದ. ತಾನಾಗಿ ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಪದರ ಇದೆ. ಮಿನುಗುಪುಡಿ ಅಂಟಿಸಿದ್ದು ಉಂಡೆಯಾದರೂ ಬೇಡ, ಆ ಪುಡಿಯೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ.

ಉತ್ತರ: ದಾರ ಬೇಡ ಎನ್ನುವವರು ಮೈದಾ ಗೋಂದು ಮಾಡಿಕೊಳ್ಳಿ. 1 ಚಮಚ ಮೈದಾವನ್ನು ಮೊದಲು ಸ್ವಲ್ಪ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು 4 ಚಮಚ ನೀರಾಗುವಂತೆ ಬೆರೆಸಿ, ಸಣ್ಣ ಉರಿಯಲ್ಲಿ ಪಾರದರ್ಶಕ ಎನಿಸುವವರೆಗೆ ಕೈಬಿಡದೆ ತಿರುವಿ. ಪೂರ್ತಿ ಆರಿದ ಮೇಲೆ ಬೆರಳಲ್ಲಿ ತೆಳುವಾಗಿ ಸವರಿ. ನೀರಾದರೆ ಕಾಗದ ಸುಕ್ಕುಗಟ್ಟುತ್ತದೆ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇಡಬಹುದು. ಅಂಚಿನುದ್ದಕ್ಕೂ ಬಳಿಯಬೇಡಿ, ಮೂರು ಚುಕ್ಕೆ ಇಟ್ಟರೆ ಸಾಕು. ಬಿಚ್ಚುವವರು ಕಾಗದ ಹರಿಯದೆ ತೆಗೆದು ಮತ್ತೆ ಬಳಸಬಹುದು. ಹಳೆಯ ಕಾಗದದ ಸುಕ್ಕು ತೆಗೆಯಲು ಮೇಲೆ ಬಟ್ಟೆ ಹಾಸಿ, ಹಬೆ ಇಲ್ಲದೆ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ.

ಉತ್ತರ: ದಿನಪತ್ರಿಕೆ ಬಳಸುವವರಿಗೆ: ಶಾಯಿ ಕೈಗೆ, ಬಿಳಿ ಬಟ್ಟೆಗೆ ಹತ್ತುತ್ತದೆ. ಒಳಗಿರುವುದು ಉಡುಪಾದರೆ ಮೊದಲು ಖಾಲಿ ಹಾಳೆ ಸುತ್ತಿ. ಮೇಲೆ ಸಿಕ್ಕಿಸುವ ಎಲೆ, ಹೂವನ್ನು ಪುಸ್ತಕದ ಅಡಿ ವಾರ ಒತ್ತಿ ಒಣಗಿಸಿರಬೇಕು. ಹಸಿಯದ್ದು ಕಾಗದದ ಮೇಲೆ ಕಲೆ ಬಿಡುತ್ತದೆ. ಹಳೆ ಕ್ಯಾಲೆಂಡರಿನ ನುಣುಪು ಹಾಳೆ ಮಡಚಿದಲ್ಲಿ ಬಿರುಕು ಬಿಡುತ್ತದೆ, ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಗೆರೆ ಒತ್ತಿ ಆಮೇಲೆ ಮಡಚಿ.