ವಿಜಯಪುರ: ಗೇಟ್ ಮುಂದಿನ ಕುಂಡಗಳಲ್ಲಿ ಎಲೆ ತುದಿ ಸುಟ್ಟು ಗಿಡ ಒಣಗುತ್ತಿವೆ, ಜಾಸ್ತಿ ಆರೈಕೆ ಬೇಡದ ಗಿಡ ಯಾವುದು?

ಜಲನಗರದ ಅಂಗಳ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು ಪಶ್ಚಿಮಕ್ಕೆ ಮುಖ ಇರುವ ಮನೆ. ಗೇಟಿನ ಎರಡೂ ಕಡೆ, ಕಂಪೌಂಡ್ ಗುಂಟ ಕುಂಡ ಇಟ್ಟಿದ್ದೇವೆ. ಮಧ್ಯಾಹ್ನ ಬಿಸಿಲು ಬಿತ್ತು ಅಂದರೆ ಹೊತ್ತು ಮುಳುಗುವ ತನಕ ಅಲ್ಲೇ. ಅರೆಕಾ ಪಾಮ್, ಕ್ರೋಟನ್, ಗುಲಾಬಿ ಹಾಕಿದ್ದೇವೆ. ದಿನಾ ತಪ್ಪದೆ ನೀರು ಹಾಕುತ್ತೇವೆ. ಆದರೂ ಮೊದಲು ಎಲೆಯ ತುದಿ ಕಂದಾಗುತ್ತದೆ, ಆಮೇಲೆ ಅಂಚಿನ ಗುಂಟ ಒಳಗೆ ಬರುತ್ತದೆ, ಕೊನೆಗೆ ಎಲೆನೇ ಹೋಗುತ್ತದೆ. ಮಣ್ಣಿನ ಮೇಲೆ ಮತ್ತು ಕುಂಡದ ಬಾಯಿಗೆ ಬಿಳಿ ಪುಡಿಯಂಥದ್ದು ಕಟ್ಟಿದೆ. ಬೂಷ್ಟು ಅಂದುಕೊಂಡು ಬೇವಿನೆಣ್ಣೆ ಹೊಡೆದೆವು, ಏನೂ ಆಗಲಿಲ್ಲ.

ಮನೆಯಲ್ಲಿ ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಈ ಗಿಡ ಉಳಿಸೋದು ಹೇಗೆ? ಇಲ್ಲಾಂದ್ರೆ ಈ ಬಿಸಿಲಿಗೆ ತಡೆದು ನಿಲ್ಲುವ ಗಿಡ ಯಾವುದು ಹೇಳಿ. ಚಿಕ್ಕ ಮಗು ಇದೆ, ಅದೂ ಗಮನದಲ್ಲಿರಲಿ.

ನವನಗರ ತೋಟ (ಬಾಗಲಕೋಟೆ)

ಅಕ್ಕಾರೆ, ಗಿಡದ ಹೆಸರು ಆಮೇಲೆ ನೋಡೋಣ. ಮೊದಲು ಇಷ್ಟು ಹೇಳಿ. ಯಾವ ನೀರು ಹಾಕುತ್ತೀರಿ? ಬೋರೋ, ನಳದ್ದೋ? ಕುಂಡದಲ್ಲಿ ಯಾವ ಮಣ್ಣಿದೆ? ಆಮೇಲೆ ನಾಳೆ ಬೆಳಿಗ್ಗೆ ನೀರು ಹಾಕುವ ಮುಂಚೆ ಒಂದು ಬಿದಿರು ಕಡ್ಡಿಯನ್ನು ಬುಡದ ಪಕ್ಕ ತಳದವರೆಗೆ ಚುಚ್ಚಿ ಹೊರಗೆ ತೆಗೆಯಿರಿ. ಎಲ್ಲಿ ಒಣ, ಎಲ್ಲಿ ಹಸಿ ಅಂತ ನೋಡಿ ತಿಳಿಸಿ.

ಜಲನಗರದ ಅಂಗಳ

ನೋಡಿದೆ ಅಣ್ಣಾ. ಮೇಲಿನ ಮಣ್ಣು ಎಷ್ಟು ಗಟ್ಟಿ ಅಂದ್ರೆ ಕಡ್ಡಿ ಮುರಿಯಿತು, ಸ್ಕ್ರೂಡ್ರೈವರ್ ಹಾಕಬೇಕಾಯಿತು. ಸುತ್ತಲೂ ಮಣ್ಣು ಕುಂಡದ ಗೋಡೆ ಬಿಟ್ಟು ಬೆರಳು ಹೋಗುವಷ್ಟು ಸೀಳಿದೆ. ನಡುವೆ ಒಣ. ತಳದಲ್ಲಿ ಮಾತ್ರ ಅಂಟಂಟು ಕೆಸರು, ಸ್ವಲ್ಪ ವಾಸನೆನೂ ಇದೆ.

ಮಣ್ಣು ನಮ್ಮ ಹೊಲದ ಎರೆಮಣ್ಣು (ಕಪ್ಪು ಮಣ್ಣು), ಜೊತೆಗೆ ತಿಪ್ಪೆಗೊಬ್ಬರ. ನೀರು ಅಡುಗೆಮನೆಯ ಆರ್‌ಓ ಯಂತ್ರದಿಂದ (ಕುಡಿಯುವ ನೀರು ಶುದ್ಧ ಮಾಡುವ ಯಂತ್ರ) ಹೊರಗೆ ಬಿಡುವ ನೀರು. ನಮ್ಮ ಕಡೆ ನೀರಿನ ಬೆಲೆ ಗೊತ್ತಲ್ವಾ, ಬಕೆಟ್ ಇಟ್ಟು ಹಿಡಿದು ಕುಂಡಗಳಿಗೆ ಹಾಕುತ್ತೇವೆ.

ನವನಗರ ತೋಟ (ಬಾಗಲಕೋಟೆ)

ರೋಗ ಅಲ್ಲವೇ ಅಲ್ಲ. ಎರಡು ತೊಂದರೆ ಒಟ್ಟಿಗೆ ಸೇರಿವೆ.

ಒಂದು, ಆ ನೀರು. ಆರ್‌ಓ ಯಂತ್ರ ಉಪ್ಪನ್ನು ಮಾಯ ಮಾಡೋದಿಲ್ಲ. ಕುಡಿಯುವ ನೀರಿನಿಂದ ತೆಗೆದ ಉಪ್ಪನ್ನೆಲ್ಲ ಹೊರಗೆ ಬಿಡುವ ನೀರಿಗೆ ಸೇರಿಸುತ್ತದೆ. ಹಾಕಿದ ನೀರಲ್ಲಿ ಅರ್ಧ ಕುಡಿಯಲು, ಅರ್ಧ ಹೊರಗೆ ಅಂತ ಲೆಕ್ಕ ಹಿಡಿದರೆ, ಹೊರಗಿನದರಲ್ಲಿ ಉಪ್ಪು ಹತ್ತಿರ ಹತ್ತಿರ ಎರಡು ಪಟ್ಟು. ಬೋರಿನಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನ ಅಳತೆ) 800 ಇದ್ದರೆ ನಿಮ್ಮ ಬಕೆಟ್‌ನಲ್ಲಿ 1500ರ ಆಸುಪಾಸು. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಕುಂಡದಲ್ಲೇ ಉಳಿಯುತ್ತದೆ. ಮರುದಿನ ಮತ್ತೆ ಅಷ್ಟು. ನೀವು ನೋಡಿದ ಬಿಳಿ ಪುಡಿ ಅದೇ. ಉಪ್ಪು ಕೂತ ಮಣ್ಣಲ್ಲಿ ನೀರಿದ್ದರೂ ಬೇರಿಗೆ ಎಳೆದುಕೊಳ್ಳಲು ಆಗೋದಿಲ್ಲ, ಅದಕ್ಕೇ ಎಲೆ ತುದಿ ಮೊದಲು ಸುಡುತ್ತದೆ. ಆ ನೀರು ಬಚ್ಚಲು ತೊಳೆಯಲು, ನೆಲ ಒರೆಸಲು ಇಟ್ಟುಕೊಳ್ಳಿ, ದಂಡ ಆಗೋದಿಲ್ಲ. ಕುಂಡಕ್ಕೆ ನಳದ ನೀರು ಹಾಕಿ. ಅದಿಲ್ಲದ ದಿನ ನೇರ ಬೋರ್ ನೀರೇ ಇದಕ್ಕಿಂತ ಮೇಲು.

ಎರಡು, ಮಣ್ಣು. ಎರೆಮಣ್ಣು ಬಿಳಿಜೋಳಕ್ಕೆ ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಹೊಲದಲ್ಲಿ ಅದಕ್ಕೆ ಆಳ ಇದೆ, ಮಳೆಗಾಲದ ಹಸಿ ಹಿಡಿದಿಟ್ಟುಕೊಂಡು ಹಿಂಗಾರಿ ಬೆಳೆ ಸಾಕುತ್ತದೆ. ಕುಂಡದಲ್ಲಿ ಅದೇ ಗುಣ ತಿರುಗಿ ಬೀಳುತ್ತದೆ. ಹಸಿಯಾದಾಗ ಉಬ್ಬಿ ಗಾಳಿ ಮುಚ್ಚುತ್ತದೆ, ಒಣಗಿದಾಗ ಕುಗ್ಗಿ ಗೋಡೆ ಬಿಡುತ್ತದೆ. ನೀವು ಹಾಕಿದ ನೀರು ಆ ಸೀಳಿನಿಂದ ಸರ್ರನೆ ತಳಕ್ಕೆ ಇಳಿಯುತ್ತದೆ. ಬೇರು ಇರುವ ನಡು ಭಾಗ ಒಣ, ತಳ ಕೊಳೆ. ಎಷ್ಟು ನೀರು ಹಾಕಿದರೂ ಗಿಡ ಬಾಯಾರಿಕೊಂಡೇ ಇರುತ್ತದೆ.

ಈಗ ಮಾಡಬೇಕಾದ್ದು: ಬದುಕಿರುವ ಗಿಡಗಳನ್ನು ಕುಂಡದಿಂದ ತೆಗೆದು ಕಪ್ಪಾದ ಬೇರು ಕತ್ತರಿಸಿ. ತಳದ ತೂತು ಕಟ್ಟಿದ್ದರೆ ಬಿಡಿಸಿ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಕಲಸಿ ಹಾಕಿ. ಕುಂಡಗಳನ್ನು ಎರಡು ಇಟ್ಟಿಗೆ ಮೇಲೆ ಇಡಿ, ಕಾದ ಫರಸಿ ತಾಗಬಾರದು. ಮೇಲೆ ಶೇಂಗಾ ಹೊಟ್ಟು ಒಂದು ಹಿಡಿ ದಪ್ಪ ಹರಡಿ. ಮಳೆ ನೀರು ಸಿಕ್ಕಾಗ ಧಾರಾಳವಾಗಿ ತಳದಿಂದ ಹರಿದು ಹೋಗುವಂತೆ ಹಾಕಿ, ಉಳಿದ ಉಪ್ಪು ತೊಳೆದು ಹೋಗುತ್ತದೆ.

ಅರೆಕಾ, ಕ್ರೋಟನ್ ಎರಡನ್ನೂ ಪೂರ್ವದ ಕಡೆಗೋ ಪೋರ್ಚ್ ನೆರಳಿಗೋ ಸರಿಸಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಪಶ್ಚಿಮದ ಗೋಡೆ ಅವಕ್ಕೆ ಜಾಗ ಅಲ್ಲ.

ಟಿಳಕವಾಡಿ ಬಾಲ್ಕನಿ (ಬೆಳಗಾವಿ)

ಒಂದು ಮಾತು ಸೇರಿಸುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆಯವರು ಬೆಳಗಾವಿಗೆ ಬಂದಾಗ ಇಲ್ಲಿನ ನರ್ಸರಿಯಲ್ಲಿ ಹಸಿರಾಗಿ ನಿಂತ ಫರ್ನ್, ಅರೆಕಾ ನೋಡಿ ಕೊಂಡು ಹೋಗುತ್ತಾರೆ. ಅವು ಇಲ್ಲಿನ ತಂಪು, ಇಲ್ಲಿನ ಮಳೆಗೆ ಹೊಂದಿದವು. ನಿಮ್ಮ ಊರಿನ ನರ್ಸರಿಯಲ್ಲಿ ನೆರಳುಪರದೆ ಇಲ್ಲದೆ ಬಯಲಲ್ಲಿ ನಿಂತ ಗಿಡ ಆರಿಸಿ. ಉಲ್ಟಾನೂ ಅಷ್ಟೇ. ನಿಮ್ಮಲ್ಲಿ ಕಲ್ಲಿನಂತೆ ನಿಲ್ಲುವ, ದಪ್ಪ ಬುಡದ ಹೂಗಿಡ ಅಡೀನಿಯಂ ನಮ್ಮಲ್ಲಿ ಜುಲೈ ಮಳೆಗೆ ಬುಡ ಕೊಳೆತು ಬೀಳುತ್ತದೆ, ಸೂರಿನ ಕೆಳಗೆ ಇಡಲೇಬೇಕು.

ಜಲನಗರದ ಅಂಗಳ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಳದ ನೀರು ಇವತ್ತಿನಿಂದಲೇ ಶುರು. ಹಾಗಾದ್ರೆ ಗೇಟ್ ಹತ್ತಿರ ಏನು ಇಡಲಿ? ಅತ್ತೆ ಕಣಗಿಲೆ ಹಚ್ಚೋಣ, ಅದಕ್ಕೆ ಏನೂ ಮಾಡೋದು ಬೇಡ ಅಂತಿದ್ದಾರೆ.

ನವನಗರ ತೋಟ (ಬಾಗಲಕೋಟೆ)

ಅತ್ತೆಯವರು ಹೇಳೋದು ಸರಿ, ಬಿಸಿಲಿಗೆ ಕಣಗಿಲೆಯಂಥ ಗಿಡ ಇನ್ನೊಂದಿಲ್ಲ. ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಮಗು ಬಾಯಿಗೆ ಹಾಕಿದರೂ, ಬೀದಿಯ ದನ, ಆಡು ತಿಂದರೂ ಜೀವಕ್ಕೇ ಕುತ್ತು. ಮಗು ದೊಡ್ಡದಾಗುವವರೆಗೆ ದಯವಿಟ್ಟು ಬೇಡ.

ಗೇಟಿನ ಎರಡೂ ಕಡೆಗೆ ನನ್ನ ಆಯ್ಕೆ ಕಾಗದದ ಹೂ (ಬೋಗನ್‌ವಿಲ್ಲಾ). 14 ಇಂಚಿನ ಕುಂಡ, ಅದಕ್ಕಿಂತ ಚಿಕ್ಕದು ಬೇಡ. ಚಿಕ್ಕ ಕುಂಡ ಬೇಸಿಗೆಯಲ್ಲಿ ಸಂಜೆಯೊಳಗೆ ಒಣಗಿಬಿಡುತ್ತದೆ, ಆಗ ಯಾವ ಗಿಡವೂ ಸಲೀಸಲ್ಲ. ಬೇರೂರಿದ ಮೇಲೆ ಮೇಲಿನ ಎರಡು ಇಂಚು ಒಣಗುವ ತನಕ ನೀರು ಬೇಡ. ಜಾಸ್ತಿ ನೀರು ಕುಡಿದ ಕಾಗದದ ಹೂ ಬರೀ ಎಲೆ ಬಿಡುತ್ತದೆ. ಒಂದು ಸುತ್ತು ಹೂ ಮುಗಿದ ಮೇಲೆ ಟೊಂಗೆ ಕತ್ತರಿಸಿ, ಹೊಸ ಚಿಗುರಿನಲ್ಲೇ ಮತ್ತೆ ಹೂ. ಮುಳ್ಳಿದೆ, ಮಗುವಿನ ಎತ್ತರಕ್ಕೆ ಬರುವ ಟೊಂಗೆ ಸವರಿ ಇಡಿ.

ಕಂಪೌಂಡ್ ಮೇಲೆ, ಮಗುವಿಗೆ ಸಿಗದ ಎತ್ತರದಲ್ಲಿ ಅಡೀನಿಯಂ ಇಡಬಹುದು. ಅದರ ಹಾಲೂ ವಿಷವೇ, ಕತ್ತರಿಸಿದ ಮೇಲೆ ಕೈ ತೊಳೆಯಿರಿ. ದಪ್ಪ ಬುಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ನೀವು ವಾರ ಊರಿಗೆ ಹೋಗಿ ಬಂದರೂ ಹಾಗೇ ಇರುತ್ತದೆ. ಇದಕ್ಕೆ ಅರ್ಧದಷ್ಟು ಮರಳು, ಇಟ್ಟಿಗೆ ಚೂರು ಇರಲಿ. ಚಳಿಗಾಲದಲ್ಲಿ ಎಲೆ ಉದುರಿಸಿದರೆ ಸತ್ತಿತು ಅಂತ ಕೀಳಬೇಡಿ, ನೀರು ಕಡಿಮೆ ಮಾಡಿ ಸುಮ್ನೆ ಬಿಡಿ.

ಪೂರ್ವದ ಬಾಗಿಲ ಕಡೆ ತುಳಸಿ, ದೊಡ್ಡಪತ್ರೆ, ಒಂದು ಕರಿಬೇವು. ಅಡುಗೆಗೂ ಆಯಿತು, ಮಗುವಿನ ಭಯವೂ ಇಲ್ಲ. ದೊಡ್ಡಪತ್ರೆಗೆ ಬೆಳಗಿನ ಬಿಸಿಲು ಸಾಕು, ಒಂದು ಕಡ್ಡಿ ಮುರಿದು ಊರಿದರೆ ಬರುತ್ತದೆ, ದುಡ್ಡು ಕೊಡಬೇಡಿ. ಗುಲಾಬಿ ಬಗ್ಗೆ ನೇರವಾಗಿ ಹೇಳ್ತೀನಿ: ಅದು ಆರೈಕೆ ಬೇಡದ ಗಿಡ ಅಲ್ಲ. ಪ್ರೀತಿ ಇದ್ದರೆ ಒಂದೇ ಕುಂಡ ಇಟ್ಟುಕೊಳ್ಳಿ.

ಹೊಸ ಗಿಡ ಈಗ ಬಿಸಿಲಲ್ಲಿ ತರಬೇಡಿ. ಜೂನ್‌ನ ಮಿರಗ (ಮೃಗಶಿರ) ಮಳೆ ಬಿದ್ದ ಮೇಲೆ ತನ್ನಿ. ಸೆಪ್ಟೆಂಬರಿನ ಜೋರು ಮಳೆಗೆ ಮುಂಚೆ ತೂತು ಮತ್ತೊಮ್ಮೆ ನೋಡಿ.

ಜಲನಗರದ ಅಂಗಳ

ಅತ್ತೆಗೆ ಓದಿ ಹೇಳಿದೆ, ಕಣಗಿಲೆ ಬೇಡ ಅಂತ ಒಪ್ಪಿದರು. ಕೊನೆಯ ಪ್ರಶ್ನೆ ಅಣ್ಣಾ: ನರ್ಸರಿ ಸಸಿಯ ಬುಡಕ್ಕೆ ಗಟ್ಟಿ ಮಣ್ಣಿನ ಹೆಂಟೆ ಇರುತ್ತಲ್ಲ, ಅದನ್ನು ಒಡೆಯಬೇಕಾ?

ನವನಗರ ತೋಟ (ಬಾಗಲಕೋಟೆ)

ಕಾಗದದ ಹೂವಿಗೆ ಒಡೆಯಬೇಡಿ, ಅದರ ಬೇರು ಸೂಕ್ಷ್ಮ. ಚೀಲ ಸಮೇತ ಬಕೆಟ್ ನೀರಲ್ಲಿ ಗುಳ್ಳೆ ನಿಲ್ಲುವ ತನಕ ಮುಳುಗಿಸಿ, ಆಮೇಲೆ ಚೀಲ ಕತ್ತರಿಸಿ ಹೆಂಟೆ ಇದ್ದ ಹಾಗೇ ಕೂರಿಸಿ. ಕರಿಬೇವಿನದೂ ಹಾಗೇ, ಅದರ ತಾಯಿಬೇರು ಮುರಿಯಬಾರದು. ಅಡೀನಿಯಂದು ಮಾತ್ರ ಹೆಂಟೆ ಪೂರ್ತಿ ಬಿಡಿಸಿ, ಬೇರಿಗೆ ಗಾಯ ಆಗಿದ್ದರೆ ಎರಡು ಮೂರು ದಿನ ನೆರಳಲ್ಲಿ ಆರಲು ಬಿಟ್ಟು ನೆಡಿ. ಅದಕ್ಕೆ ನೆಟ್ಟ ಕೂಡಲೇ ನೀರು ಬೇಡ.