ರಾಮೆನ್ ತಿಂದರೋ, ಕುಡಿದರೋ, ಸುರಿದರೋ?

ಎಲ್ಲರಿಗೂ ನಮಸ್ಕಾರ. ನನಗೊಂದು ಕ್ರಿಯಾಪದ ಬೇಕಾಗಿದೆ. ನೋಡೋಕೆ ಸಣ್ಣ ವಿಷಯ, ಆದರೆ ಹತ್ತು ದಿನದಿಂದ ತಲೆ ತಿನ್ನುತ್ತಿದೆ. (ಕನ್ನಡದಲ್ಲಿ ತಲೆಯನ್ನು ಸಲೀಸಾಗಿ ತಿನ್ನಬಹುದು. ನೂಡಲ್ಸ್ ವಿಷಯಕ್ಕೆ ಬಂದಾಗಲೇ ತೊಡಕು.)

ಟೋಕಿಯೋಗೆ ಹೋಗಿ ಬಂದದ್ದರ ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ವಾಕ್ಯ ಹೀಗಿದೆ: "ನನ್ನ ಪಕ್ಕ ಕೂತಿದ್ದವರು ತಲೆ ಎತ್ತದೆ ರಾಮೆನ್ ______." (ರಾಮೆನ್ ಅಂದರೆ ಬಿಸಿ ಸಾರಿನಲ್ಲಿ ಕೊಡುವ ಜಪಾನಿನ ನೂಡಲ್ಸ್.) ಮೊದಲು 'ತಿನ್ನುತ್ತಿದ್ದರು' ಅಂತ ಬರೆದೆ. ಓದಿ ನೋಡಿದರೆ ಸಪ್ಪೆ. ಅವರು ಬಿಸ್ಕತ್ತು ತಿನ್ನುತ್ತಿದ್ದರೂ ಅದೇ ಮಾತು ಬರೆಯುತ್ತಿದ್ದೆ, ಅಲ್ವಾ? ಹೊಡೆದು ಹಾಕಿ 'ಹೀರುತ್ತಿದ್ದರು' ಅಂದೆ. ಮನೆಯಲ್ಲಿ ಓದಿದವರು "ಸ್ಟ್ರಾ ಹಾಕಿಕೊಂಡಾ?" ಅಂತ ಕೇಳಿದರು. ಅಲ್ಲಿಗೆ ಅದೂ ಹೋಯಿತು.

ಏನು ನಡೆಯಿತು ಅಂತ ಹೇಳಿಬಿಡುತ್ತೇನೆ. ಆಗ ಯಾವ ಪದ ಹೊಂದುತ್ತದೆ ಅಂತ ನೀವೇ ನೋಡಬಹುದು.

ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಪುಟ್ಟ ಅಂಗಡಿ. ಎಂಟು ಸ್ಟೂಲು, ಒಂದು ಉದ್ದನೆಯ ಕಟ್ಟೆ, ಅದರಾಚೆ ಒಲೆ ಮತ್ತು ಇಬ್ಬರು ಅಡುಗೆಯವರು. ಬಾಗಿಲಿಗೆ ನೋರೆನ್ ಅನ್ನೋ ಅರ್ಧ ಪರದೆ. ಒಳಗೆ ಕಾಲಿಟ್ಟ ಕೂಡಲೇ ಒಂದು ಮೆಷಿನ್. ದುಡ್ಡು ಹಾಕಿ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಆ ಚೀಟಿಯೇ ಆರ್ಡರು. ನಾನು ಒತ್ತಿದ್ದು 900 ಯೆನ್ನಿನ ಶೋಯು ರಾಮೆನ್, ಅಂದರೆ ಸೋಯಾ ಸಾಸಿನ ಸಾರಿನದು. ಒಂದು ಬಟ್ಟಲಿಗೆ ಸಾವಿರ ಯೆನ್ ದಾಟಿದರೆ ಗಿರಾಕಿ ಬರುವುದಿಲ್ಲ ಅನ್ನೋ ಅಂಜಿಕೆ ಅಲ್ಲಿನ ಅಂಗಡಿಯವರಿಗೆ ಬಹಳ ಕಾಲದಿಂದ ಇದೆ. ಅದಕ್ಕೆ 'ಸಾವಿರ ಯೆನ್ ಗೋಡೆ' ಅಂತಲೇ ಹೆಸರು.

ಒಳಗೆ ಯಾರೂ ಮಾತಾಡುತ್ತಿರಲಿಲ್ಲ. ಆದರೆ ಮೌನವೂ ಇರಲಿಲ್ಲ. ಏಳು ಜನ ಸಾಲಾಗಿ ಕೂತು ಸೊರ್, ಸೊರ್, ಸೊರ್ರ್ ಅನ್ನುತ್ತಿದ್ದರು. ನನ್ನ ಬಟ್ಟಲು ಬಂತು. ಬಗ್ಗಿದೆ, ಕನ್ನಡಕಕ್ಕೆ ಹಬೆ ಕಟ್ಟಿತು. ಕಡ್ಡಿಯಲ್ಲಿ ಒಂದಿಷ್ಟು ಎಳೆ ಎತ್ತಿ ಉಫ್ ಉಫ್ ಅಂತ ಊದಿದೆ. ಬಾಯಿಗಿಟ್ಟು, ಅಷ್ಟೂ ಬಾಯಲ್ಲಿ ಹಿಡಿಯದೆ, ಅರ್ಧಕ್ಕೆ ಕಚ್ಚಿಬಿಟ್ಟೆ. ಉಳಿದರ್ಧ ಪೊಳಕ್ ಅಂತ ಸಾರಿಗೆ ಬಿದ್ದು ಅಂಗಿಯ ಮೇಲೆ ಮೂರು ಕಂದು ಚುಕ್ಕೆ. ಬಿಳಿ ಅಂಗಿ, ಬೇರೆ.

ಪಕ್ಕದವರು ಮಾಡುತ್ತಿದ್ದದ್ದನ್ನು ಆಮೇಲೆ ಓರೆಗಣ್ಣಲ್ಲಿ ನೋಡಿದೆ. ಐದಾರು ಎಳೆ ಮಾತ್ರ ಎತ್ತುತ್ತಾರೆ. ತುದಿಯನ್ನು ತುಟಿಗೆ ತಾಗಿಸುತ್ತಾರೆ. ಆಮೇಲೆ ಒಂದೇ ಉಸಿರಿಗೆ ಗಾಳಿಯ ಜೊತೆ ಒಳಗೆ ಎಳೆಯುತ್ತಾರೆ, ಕಡ್ಡಿ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಳ್ಳಿಕೊಡುತ್ತದೆ. ಕೊನೆಗೆ ಎಳೆಗಳ ಬಾಲ ಒಮ್ಮೆ ಅಲ್ಲಾಡಿ ಬಾಯೊಳಗೆ ಮಾಯ. ಕಚ್ಚಿ ತುಂಡು ಮಾಡುವ ಮಾತೇ ಇಲ್ಲ.

ಇದು ತಿನ್ನೋದಲ್ಲ, ಕುಡಿಯೋದೂ ಅಲ್ಲ. ಏನು ಹಾಗಾದರೆ?

ಜಪಾನಿಯಲ್ಲಿ ಇದಕ್ಕೆ 'ಸುಸುರು' ಅನ್ನೋ ಕ್ರಿಯಾಪದ ಇದೆ. ರಾಮೆನ್, ಸೋಬಾ, ಉದೋನ್, ಹೀಗೆ ಎಲ್ಲ ಥರದ ನೂಡಲ್ಸನ್ನೂ ಸುಸುರು ಮಾಡಬಹುದು. ಬಿಸಿ ಚಹಾವನ್ನೂ ಮಾಡಬಹುದು. ಸದ್ದಿಗೆ 'ಜುರುಜುರು' ಅಂತ ಬೇರೆಯೇ ಅನುಕರಣ ಪದ. ನುಣ್ಣಗೆ ಜಾರಿಕೊಂಡು ಹೋಗುವುದಕ್ಕೆ 'ತ್ಸುರುತ್ಸುರು'. ಈ ಕೊನೆಯದನ್ನು ಬೋಳು ತಲೆಗೂ ಹೇಳುತ್ತಾರೆ ಅಂತ ಗೊತ್ತಾದಾಗ ಖುಷಿಯಾಯಿತು. ನಮ್ಮ 'ಚುರುಚುರು' ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಆ ಬಿಸಿ ಸಾರಲ್ಲಿ ನನ್ನ ನಾಲಿಗೆಗೆ ಆಗಿದ್ದು ಅದು.

ಈಗ ನಮ್ಮ ಕಡೆ ಬರೋಣ. ನಾನು ಪಟ್ಟಿ ಮಾಡಿಕೊಂಡ ಪದಗಳಲ್ಲಿ ಜಗಿ, ನುಂಗು, ಚೀಪು, ನೆಕ್ಕು, ಮುಕ್ಕು ಇವನ್ನೆಲ್ಲ ಮೊದಲೇ ಬಿಟ್ಟೆ. ಉಣ್ಣು ಸ್ವಲ್ಪ ಹೊತ್ತು ಕಾಡಿತು. ರಾಮೆನ್ ಅಲ್ಲಿಯವರಿಗೆ ಊಟವೇ ಹೌದು, ತಿಂಡಿಯಲ್ಲ. ಆದರೆ 'ರಾಮೆನ್ ಉಂಡರು' ಅಂದ ಕೂಡಲೇ ಅವರು ಕಾಲು ಮಡಚಿ ಎಲೆ ಮುಂದೆ ಕೂತುಬಿಡುತ್ತಾರೆ. ಹದಿನೈದು ನಿಮಿಷಕ್ಕೆ ಎದ್ದು ಸ್ಟೂಲು ಖಾಲಿ ಮಾಡುವವರಿಗೆ ಆ ಪದ ಒಗ್ಗುವುದಿಲ್ಲ.

'ಸೇದು' ಬಗ್ಗೆ ಮಾತ್ರ ನನಗೆ ಇನ್ನೂ ಆಸೆ ಇದೆ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿ ಸೇದುತ್ತೇವೆ, ನಶ್ಯ ಸೇದುತ್ತೇವೆ. ಹಗ್ಗ ಹಿಡಿದು ಮೇಲಕ್ಕೆ ಎಳೆಯೋದು ಮತ್ತು ಉಸಿರಿನಿಂದ ಒಳಕ್ಕೆ ಎಳೆಯೋದು, ಎರಡಕ್ಕೂ ಒಂದೇ ಪದ. ರಾಮೆನ್ ಎಳೆ ನೋಡಿದರೆ ಎರಡೂ ಅಲ್ಲಿವೆ: ಬಟ್ಟಲು ಬಾವಿ, ಎಳೆಯೇ ಹಗ್ಗ, ಜೊತೆಗೆ ಉಸಿರು. ಇಷ್ಟು ಚೆನ್ನಾಗಿ ಹೊಂದುವ ಪದ ಇನ್ನೊಂದಿಲ್ಲ ಅಂದುಕೊಂಡೆ. ಆದರೆ 'ಅವರು ಕಟ್ಟೆ ಮುಂದೆ ಕೂತು ಸೇದುತ್ತಿದ್ದರು' ಅಂತ ಬರೆದರೆ ಮುಂದಿನ ಸಾಲಿನಲ್ಲಿ ಓದುಗರು ಬೂದಿ ಹುಡುಕುತ್ತಾರೆ.

ಇನ್ನು 'ಸೊರ್'. ಸದ್ದು ಪಕ್ಕಾ ಅದೇ. ಗೆಳತಿಯೊಬ್ಬಳಿಗೆ 'ಸೊರ್ ಅಂತ ರಾಮೆನ್...' ಅಂತ ಓದಿ ಹೇಳುತ್ತಿದ್ದಂತೆ ಅವಳು ಮುಖ ಕಿವುಚಿದಳು. "ಸೊರಸೊರ ಅನ್ನೋದು ನೆಗಡಿ ಆದವರ ಮೂಗು ಕಣೇ, ಊಟದ ವಿಷಯಕ್ಕೆ ಯಾಕೆ ತರ್ತೀಯ" ಅಂದಳು. ಅವಳ ಮಾತು ನಿಜವೇ. ಆದರೆ ಆಮೇಲೆ ತಿಳಿದದ್ದು ಏನು ಅಂದರೆ, ಜಪಾನಿಯ ಸುಸುರು ಕೂಡ ಮೂಗಿಗೆ ಬರುತ್ತದೆ. 'ಹಾನಾ ಒ ಸುಸುರು' ಅಂದರೆ ಮೂಗು ಸೊರ್ ಅನ್ನಿಸೋದು. ಬಿಕ್ಕಿ ಬಿಕ್ಕಿ ಅಳುವುದಕ್ಕೂ ಅದೇ ಪದ ಸೇರಿಸಿ 'ಸುಸುರಿನಾಕು' ಅನ್ನುತ್ತಾರೆ. ನೆಗಡಿ, ಅಳು, ನೂಡಲ್ಸ್, ಮೂರಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡು ಅವರು ನಿಶ್ಚಿಂತೆಯಿಂದ ಇದ್ದಾರೆ. ನಾವು ಮಾತ್ರ ಯಾಕೆ ಮುಖ ಕಿವುಚಬೇಕು?

ಸದ್ದು ಅಲ್ಲಿ ಬರೀ ಅಭ್ಯಾಸವಲ್ಲ, ಕೆಲಸವೂ ಹೌದು. ಗಾಳಿ ಜೊತೆ ಎಳೆದರೆ ಕುದಿಯುವ ಎಳೆ ಬಾಯಿ ಸೇರುವಷ್ಟರಲ್ಲಿ ಒಂದಿಷ್ಟು ತಣಿಯುತ್ತದೆ. ಪರಿಮಳ ಬಾಯಿಯ ಹಿಂದಿನಿಂದ ಮೂಗಿಗೆ ಏರುತ್ತದೆ. ಸೋಬಾ ಪ್ರಿಯರು ಈ ಎರಡನೆಯದನ್ನೇ ದೊಡ್ಡದು ಮಾಡಿ ಹೇಳುತ್ತಾರೆ, ಯಾಕೆಂದರೆ ಸೋಬಾ ಮಾಡುವ ಬಕ್‌ವೀಟ್ ಅನ್ನೋ ಧಾನ್ಯದ ಹಿಟ್ಟಿನ ವಾಸನೆ ಬಹಳ ಮೆಲುವಾದದ್ದು. ರಾಕುಗೋ ಅಂತ ಅವರದೊಂದು ಕಥೆ ಹೇಳುವ ಕಲೆ ಇದೆ. ಒಬ್ಬರೇ ದಿಂಬಿನ ಮೇಲೆ ಕೂತು ಒಂದು ಬೀಸಣಿಗೆ, ಒಂದು ಕೈವಸ್ತ್ರ ಇಟ್ಟುಕೊಂಡು ಇಡೀ ಕಥೆ ಹೇಳುತ್ತಾರೆ. ಆ ಮಡಚಿದ ಬೀಸಣಿಗೆಯೇ ಊಟದ ಕಡ್ಡಿ. ಬಟ್ಟಲೂ ಇಲ್ಲ, ಎಳೆಯೂ ಇಲ್ಲ, ಬಾಯಿ ಸದ್ದೊಂದರಿಂದಲೇ ಸಭೆಗೆ ಹಸಿವು ತರಿಸುತ್ತಾರೆ. ತೆಳ್ಳನೆಯ ಸೋಬಾಕ್ಕೆ ಒಂದು ಸದ್ದು, ದಪ್ಪ ಉದೋನ್‌ಗೆ ಇನ್ನೊಂದು. ಇಷ್ಟಾಗಿಯೂ ಸದ್ದು ಮಾಡಲೇಬೇಕು, ಇಲ್ಲದಿದ್ದರೆ ಅಡುಗೆಯವರಿಗೆ ಅವಮಾನ ಅನ್ನೋದು ಪ್ರವಾಸಿಗರು ಹಬ್ಬಿಸಿದ ಮಾತು. ಸುಮ್ಮನೆ ತಿನ್ನುವವರೂ ಅಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರನ್ನು ಯಾರೂ ಕೇಳುವುದಿಲ್ಲ. 2016ರ ಹೊತ್ತಿಗೆ 'ನೂಡಲ್ಸ್ ಕಿರುಕುಳ' ಅನ್ನೋ ಅರ್ಥದ 'ನೂಹಾರಾ' ಅಂತ ಒಂದು ಪದವೂ ಓಡಾಡಿತು. ಪಕ್ಕದವರ ಸದ್ದು ಸಹಿಸದವರ ಪರವಾಗಿ ಹುಟ್ಟಿದ ಪದ. ಅದರ ಮೇಲೆ ಜಗಳವೂ ಆಯಿತು.

ಈಗ ನಿಜವಾದ ಪ್ರಶ್ನೆ. ನಮ್ಮಲ್ಲಿ 'ಸುರಿ' ಇದೆಯಲ್ಲ, ಅದು ಸಾಲದೇ? ಗಂಜಿ ಸುರಿಯೋದು ಅನ್ನೋ ಮಾತನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಬಟ್ಟಲಿಗೆ ಸುರಿಯೋದಲ್ಲ, ಬಟ್ಟಲಿನಿಂದ ಬಾಯಿಗೆ ಸದ್ದು ಮಾಡಿಕೊಂಡು ಎಳೆಯೋದು. ತುಳುವಿನ 'ಸುರ್ಪುನಿ' ಇದರ ನೆಂಟ ಅಂತ ನನ್ನ ಅನಿಸಿಕೆ. ತೆಲುಗಿನವರ ಬಾಯಲ್ಲಿ 'ಜುರ್ರು' ಇವತ್ತಿಗೂ ಗಟ್ಟಿಯಾಗಿದೆ, ಅರ್ಥವೂ ಪಕ್ಕಾ ಇದೇ. (ಜುರ್ರು, ಜುರುಜುರು! ಇಷ್ಟಕ್ಕೇ ಜಪಾನಿಗೂ ದ್ರಾವಿಡಕ್ಕೂ ನಂಟು ಕಟ್ಟೋಕೆ ಯಾರೂ ಹೊರಡಬೇಡಿ, ದಯವಿಟ್ಟು. ಬಿಸಿ ಸಾರಿನ ಮುಂದೆ ಎಲ್ಲರ ಬಾಯೂ ಒಂದೇ ಸದ್ದು ಮಾಡುತ್ತದೆ.)

ಅರ್ಥ ಸರಿ, ಸದ್ದು ಸರಿ, ನಮ್ಮದೇ ಪದ. ಹಾಗಂತ ಬರೆದು ನೋಡಿದೆ: "ಪಕ್ಕದವರು ರಾಮೆನ್ ಸುರಿದರು." ಯಾರ ಮೇಲೆ? ನನ್ನ ಅಂಗಿಯ ಚುಕ್ಕೆಗಳಿಗೆ ಅವರೇ ಕಾರಣ ಅನ್ನೋ ಹಾಗಾಯಿತು. ಮಳೆ ಸುರಿಯೋದು, ಕಣ್ಣೀರು ಸುರಿಯೋದು, ದುಡ್ಡು ಸುರಿಯೋದು ಇವೆಲ್ಲ ಸೇರಿ ಆ ಹಳೇ ಅರ್ಥವನ್ನು ಮೂಲೆಗೆ ತಳ್ಳಿಬಿಟ್ಟಿವೆ. 'ಸುರಿದು ತಿಂದರು' ಅಂದರೂ ಸಾಸ್ ಸುರಿದು ತಿಂದ ಹಾಗೆ ಕೇಳುತ್ತದೆ.

ಕೊನೆಗೆ ನನ್ನ ಮನಸ್ಸು ವಾಲಿದ್ದು 'ಎಳೆ' ಕಡೆಗೆ. ಇದರಲ್ಲೊಂದು ಮಜಾ ಇದೆ. ಇಲ್ಲಿಯವರೆಗೆ ನಾನು ಬಟ್ಟಲಲ್ಲಿದ್ದ ವಸ್ತುವನ್ನು 'ಎಳೆ' ಅಂತಲೇ ಕರೆದಿದ್ದೇನೆ, ಗಮನಿಸಿದಿರಾ? ನೂಡಲ್ಸ್ ಅನ್ನೋದು ರಾಶಿಗೆ ಹೆಸರು, ಒಂದೊಂದನ್ನು ತೋರಿಸುವಾಗ ಎಳೆ. ಶಾವಿಗೆ ಅಂತ ಬರೆಯಬಹುದಿತ್ತು, ಆದರೆ ಅದನ್ನು ಓದಿದವರ ಬಾಯಿಗೆ ಬೇರೆ ರುಚಿ ಬಂದುಬಿಡುತ್ತದೆ. ರಾಮೆನ್ ಎಳೆ ಗೋಧಿಯದು, ಕಾನ್‌ಸುಯಿ ಅನ್ನೋ ಕ್ಷಾರದ ನೀರು ಹಾಕಿ ಕಲಸಿದ್ದು. ಆ ಹಳದಿ ಬಣ್ಣ, ಆ ಪುಟಿತ ಅದರಿಂದಲೇ ಬರೋದು. ಇನ್ನು ರಾಮೆನ್ ಅನ್ನೋ ಹೆಸರು ಚೀನೀ ಭಾಷೆಯ 'ಲಾಮಿಯೆನ್' ಇಂದ ಬಂತು ಅನ್ನೋದು ಹೆಚ್ಚು ಜನ ಒಪ್ಪುವ ವಿವರಣೆ. ಅಲ್ಲಿ 'ಲಾ' ಅಂದರೆ ಎಳೆಯೋದು! ಹಿಟ್ಟನ್ನು ಕೈಯಲ್ಲಿ ಎಳೆದು ಎಳೆದು ಮಾಡಿದ್ದು ಅಂತ. ಈಗಿನ ರಾಮೆನ್ ಎಳೆಯನ್ನು ಸಾಮಾನ್ಯವಾಗಿ ಕತ್ತರಿಸುತ್ತಾರೆ, ಅದು ಬೇರೆ ಮಾತು. ಹೆಸರಿನಲ್ಲಿ ಎಳೆತ ಉಳಿದಿದೆ. ಎಳೆದು ಮಾಡಿದ ಎಳೆಯನ್ನು ಎಳೆಯುವುದು. ಈ ಸುಖ ಜಪಾನಿಯವರಿಗೂ ಇಲ್ಲ.

ತೊಂದರೆ ಒಂದೇ. 'ಎಳೆ'ಯಲ್ಲಿ ಬಾಯಿ ಇಲ್ಲ. 'ರಾಮೆನ್ ಎಳೆಯುತ್ತಿದ್ದರು' ಅಂದರೆ ಹಗ್ಗಜಗ್ಗಾಟದ ಹಾಗೆ. ಮುಂದೆ 'ಸೊರ್ ಅಂತ' ಸೇರಿಸಲೇಬೇಕು. ಆಗ ಸರಿಹೋಗುತ್ತದೆ, ಆದರೆ ಪ್ರತಿ ಸಲ ಎರಡು ಮೂರು ಪದ ಬೇಕು. ಸುಸುರು ಒಂದೇ ಪದದಲ್ಲಿ ಮುಗಿಸುವ ಕೆಲಸಕ್ಕೆ.

ಇದೇ ಬಟ್ಟಲಿನಿಂದ ಇನ್ನೊಂದು ಪದವನ್ನೂ ಎತ್ತಿಕೊಂಡು ಬಂದಿದ್ದೇನೆ, ಅದನ್ನೂ ಕೇಳಿಬಿಡುತ್ತೇನೆ. ಎಳೆ ಬೆಂದೂ ಬಿಗಿಯಾಗಿದ್ದರೆ, ಕಚ್ಚಿದಾಗ ಸ್ವಲ್ಪ ತಿರುಗಿ ತಳ್ಳಿದರೆ, ಅದಕ್ಕೆ 'ಕೊಶಿ' ಇದೆ ಅನ್ನುತ್ತಾರೆ. ಕೊಶಿ ಅಂದರೆ ಸೊಂಟ. ಸೊಂಟ ಇರುವ ಉದೋನ್, ಸೊಂಟ ಬಿದ್ದುಹೋದ ಉದೋನ್! ನಾನು ಬರೆಯೋವಾಗ 'ಹಲ್ಲಿಗೆ ಸಿಗುವ ಹಾಗೆ ಬೆಂದಿತ್ತು' ಅಂತ ದಾಟಿಸಿದೆ, ಅದರಲ್ಲಿ ಪುಟಿತ ಬರಲಿಲ್ಲ. 'ಕಸುವು' ಸರಿಹೋದೀತೇ? ಎಳೆಗೆ ಕಸುವಿತ್ತು. ನನಗೇನೋ ಹಿಡಿಸಿದೆ. 'ಜಿಗುಟು' ಅಂತ ಮಾತ್ರ ಹೇಳಬೇಡಿ, ಅದು ಅಡುಗೆ ಕೆಟ್ಟಾಗ ಹೇಳೋ ಮಾತು. ಹಾಕಾತಾ ಕಡೆಯ ಅಂಗಡಿಗಳಲ್ಲಂತೂ ಎಳೆ ಎಷ್ಟು ಗಟ್ಟಿ ಬೇಕು ಅಂತ ಕೇಳಿಯೇ ಬೇಯಿಸುತ್ತಾರೆ. ಮೆತ್ತಗೆ, ಸಾಧಾರಣ, ಗಟ್ಟಿ, ಇನ್ನೂ ಗಟ್ಟಿ, ಅದರ ಮೇಲೆ 'ಹಾರಿಗಾನೆ', ಅಂದರೆ ತಂತಿ. ಹೊತ್ತಾಗಿ ಎಳೆ ಸಾರಿನಲ್ಲಿ ಉಬ್ಬಿ ಮೆತ್ತಗಾದರೆ ಅದು 'ನೋಬಿರು', ಉದ್ದವಾಯಿತು ಅಂತ. ಮಾತಾಡುತ್ತಾ ಕೂತ ನನ್ನಂಥವರ ಬಟ್ಟಲಲ್ಲಿ ಆಗೋದು ಅದೇ.

ಹಾಗೆಯೇ, ಬಿಸಿ ತಾಳದವರಿಗೆ ಅವರು 'ನೆಕೊಜಿತಾ' ಅನ್ನುತ್ತಾರೆ. ಬೆಕ್ಕಿನ ನಾಲಿಗೆ. ಇದಕ್ಕೆ ಅನುವಾದವೇ ಬೇಡ, ತೆನಾಲಿ ರಾಮನ ಬೆಕ್ಕು ನಮ್ಮ ಮನೆಗಳಲ್ಲೇ ಬೆಳೆದದ್ದು. ಸಾರು ಕುಡಿಯುವ ಪಿಂಗಾಣಿ ಚಮಚಕ್ಕೆ 'ಚಿರಿರೆಂಗೆ' ಅಂತ ಹೆಸರು. ಉದುರಿದ ತಾವರೆ ಎಸಳು. ಅದನ್ನು ಚಮಚ ಅಂತ ಬರೆಯೋಕೆ ಕೈ ಬರುತ್ತಿಲ್ಲ. ಆದರೆ 'ತಾವರೆ ಎಸಳಿನಲ್ಲಿ ಸಾರು ಕುಡಿದೆ' ಅಂದರೆ ನಾನು ಯಾವುದೋ ದೇವಲೋಕಕ್ಕೆ ಹೋದ ಹಾಗಾಗುತ್ತದೆ, 900 ಯೆನ್ನಿಗೆ.

ಇಷ್ಟು ನನ್ನ ಕಥೆ. ನಿಮ್ಮಿಂದ ಬೇಕಾಗಿರುವುದು ಇದು. ಬಾಯಿಗೆ ಎಳೆಯುವ ಅರ್ಥದಲ್ಲಿ 'ಸುರಿ' ನಿಮ್ಮ ಕಡೆ ಇನ್ನೂ ಓಡುತ್ತಿದೆಯೇ? ಓಡುತ್ತಿದ್ದರೆ ಗಂಜಿಗೆ ಮಾತ್ರವೋ, ಗಟ್ಟಿ ಪದಾರ್ಥಕ್ಕೂ ಬರುತ್ತದೋ? 'ಸುರಿದ' ಅಂತಲೇ ಹೇಳುತ್ತೀರೋ, ಚೆಲ್ಲುವ ಅರ್ಥದಿಂದ ಬೇರೆ ಮಾಡೋಕೆ 'ಸುರಕಿದ', 'ಸೊರಕಿದ' ಅನ್ನೋ ಥರ ಬೇರೆ ರೂಪ ಇದೆಯೋ? ಮನೆಯಲ್ಲಿ ಹಿರಿಯರು ಇದ್ದರೆ ದಯವಿಟ್ಟು ಅವರನ್ನೂ ಕೇಳಿ. ಪ್ರಶ್ನೆ ವಿವರಿಸೋಕೆ ಹೋಗಬೇಡಿ, ಸುಮ್ನೆ ಬಿಸಿ ಏನಾದರೂ ಒಂದು ಬಟ್ಟಲು ಮುಂದಿಟ್ಟು, ಸದ್ದು ಮಾಡಿ ಕುಡಿದು, ಏನೆಂದು ಬೈಯುತ್ತಾರೆ ಅಂತ ಬರೆದುಕೊಳ್ಳಿ.

ಅಲ್ಲಿಯವರೆಗೆ ನನ್ನ ವಾಕ್ಯದಲ್ಲಿ ಪಕ್ಕದವರು ಬಾಯಿ ತೆರೆದು ಕೂತೇ ಇರುತ್ತಾರೆ.